ಪ್ರವಾಸಕ್ಕೊಂದು ಚಿಕ್ಕ ಕ್ಯಾಮರಾ ಚೀಲ

ಪ್ರವಾಸ ಹೊರಡುವ ಮನೆಯಲ್ಲಿ ಹಿಂದಿನ ರಾತ್ರಿಯೆಲ್ಲ ಸಿದ್ಧತೆಯೇ ಸಿದ್ಧತೆ. ಬುತ್ತಿಯ ಡಬ್ಬಿ, ಹೊದಿಕೆ, ಮಕ್ಕಳ ಬಟ್ಟೆ, ಹಿರಿಯರ ಔಷಧ, ಇವೆಲ್ಲಕ್ಕೂ ಒಂದೊಂದು ಗೊತ್ತಾದ ಸ್ಥಳವುಂಟು. ಕತ್ತಲಲ್ಲಿ ಕೈಹಾಕಿದರೂ ಬೇಕಾದುದು ಕೈಗೆ ಸಿಕ್ಕುವಂತೆ ಗೃಹಿಣಿಯು ಅವುಗಳನ್ನು ಅಣಿಗೊಳಿಸಿರುತ್ತಾಳೆ. ಕ್ಯಾಮರಾ ಒಂದಕ್ಕೆ ಮಾತ್ರ ಇಂಥ ಸ್ಥಳವಿರುವುದಿಲ್ಲ. ಕೊನೆಯ ಗಳಿಗೆಯಲ್ಲಿ ಅದನ್ನು ಒಂದು ಟವೆಲಿನಲ್ಲಿ ಸುತ್ತಿ ಬಟ್ಟೆಯ ಪೆಟ್ಟಿಗೆಯ ನಡುವೆ ತುರುಕುವುದುಂಟು. ಇಲ್ಲವೆ ಅಂಗಡಿಯವನು ಹೊಗಳಿ ಮಾರಿದ ಭಾರಿ ಚೀಲವೊಂದರಲ್ಲಿ ಬೇಕಾದುದು ಬೇಡವಾದುದು ಎಲ್ಲವನ್ನೂ ತುಂಬಿ ಮನೆಯ ಯಜಮಾನರು ಬೆನ್ನಿಗೇರಿಸುವುದುಂಟು. ಮೊದಲನೆಯ ಪಕ್ಷದಲ್ಲಿ ಕ್ಯಾಮರಾ ಬೇಕಾದಾಗ ಕೈಗೆ ಬರುವುದಿಲ್ಲ. ಎರಡನೆಯ ಪಕ್ಷದಲ್ಲಿ ಮಧ್ಯಾಹ್ನದ ಹೊತ್ತಿಗೆ ಯಜಮಾನರ ಹೆಗಲು ಸೋತು, ಚೀಲವು ಬಸ್ಸಿನಲ್ಲಿಯೋ ವಸತಿಗೃಹದಲ್ಲಿಯೋ ಉಳಿದುಬಿಡುತ್ತದೆ. ಎರಡರ ಫಲವೂ ಒಂದೇ. ಬೇಲೂರಿನ ಗುಡಿಯ ಮುಂದೆ ಅಜ್ಜಿಯು ಮೊಮ್ಮಗಳ ಕೈಹಿಡಿದು ನಿಂತ ಗಳಿಗೆಯು ಚಿತ್ರವಾಗದೆ ಕಳೆದುಹೋಗುತ್ತದೆ. ಗುಡಿಯು ಒಂಬತ್ತು ಶತಮಾನಗಳಿಂದ ಅಲ್ಲಿಯೇ ಇದೆ, ಮುಂದೆಯೂ ಇರುವುದು. ಅಜ್ಜಿಯ ಪ್ರವಾಸವು ಮತ್ತೊಮ್ಮೆ ಒದಗುವುದೆಂದು ಮಾತ್ರ ಯಾರೂ ಹೇಳಲಾರರು.

ಜೇಬಿನ ಮೊಬೈಲಿನಲ್ಲಿಯೇ ಕ್ಯಾಮರಾ ಇರುವ ಈ ದಿನಗಳಲ್ಲಿ ಬೇರೆ ಕ್ಯಾಮರಾ ಏತಕ್ಕೆಂದು ಕೆಲವರು ಕೇಳಬಹುದು. ಮೊಬೈಲು ತೃಪ್ತಿ ಕೊಡುವವರಿಗೆ ಅದೇ ಸಾಕು. ಅವರು ಚೀಲದ ಚಿಂತೆಯಿಂದಲೇ ಪಾರಾದರು. ಆದರೆ ದೂರದ ಮರದ ಮೇಲಿನ ಹಕ್ಕಿಯನ್ನೂ, ಮಬ್ಬು ಬೆಳಕಿನ ನವರಂಗದ ಕಂಬವನ್ನೂ, ಗೋಡೆಗೆ ತೂಗುಹಾಕುವಷ್ಟು ದೊಡ್ಡದಾಗಿ ಅಚ್ಚುಹಾಕಿಸಬೇಕಾದ ಕುಟುಂಬದ ಚಿತ್ರವನ್ನೂ ಬಯಸುವವರು ಇಂದಿಗೂ ಪ್ರತ್ಯೇಕ ಕ್ಯಾಮರಾವನ್ನು ಇಟ್ಟುಕೊಂಡಿದ್ದಾರೆ. ಅಂಥವರು ಒಂದು ಮಾತನ್ನು ನೆನಪಿನಲ್ಲಿಡಬೇಕು. ಮೊಬೈಲಿನಷ್ಟೇ ಸುಲಭವಾಗಿ ಕೈಗೆ ಬಾರದ ಕ್ಯಾಮರಾವು ಪ್ರವಾಸದಲ್ಲಿ ಹೊರೆಯೇ ಹೊರತು ಸಾಧನವಲ್ಲ. ಆದ್ದರಿಂದ ಚೀಲವನ್ನು ಆರಿಸುವಾಗ ‘ಇದರಲ್ಲಿ ಎಷ್ಟು ಹಿಡಿಯುತ್ತದೆ?’ ಎಂದು ಕೇಳುವುದಕ್ಕಿಂತ ‘ಇದರಿಂದ ಎಷ್ಟು ಬೇಗ ಕ್ಯಾಮರಾ ಹೊರಬರುತ್ತದೆ, ಸಂಜೆಯವರೆಗೂ ಇದನ್ನು ಹೊರಲು ಸಾಧ್ಯವೆ?’ ಎಂದು ಕೇಳುವುದೇ ಯುಕ್ತವಾದುದು.

ಹೊರೆಯ ಹಿಂದಿನ ಕಥೆ

ಛಾಯಾಗ್ರಹಣ ಕಲೆಯ ಬಾಲ್ಯದಲ್ಲಿ ಕ್ಯಾಮರಾದೊಡನೆ ಪ್ರವಾಸ ಮಾಡುವುದೆಂದರೆ ದಂಡಯಾತ್ರೆಗೆ ಹೊರಟಂತೆಯೇ ಆಗಿದ್ದಿತು. ನಮ್ಮ ಹಂಪೆಯ ಅವಶೇಷಗಳನ್ನು 1856ರಲ್ಲಿ ಮದ್ರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವರು ಚಿತ್ರಿಸಿದರು. ಮೇಣ ಹಿಡಿಸಿದ ದೊಡ್ಡ ಕಾಗದದ ಹಾಳೆಗಳೇ ಅವರ ನೆಗೆಟಿವುಗಳು. ಆ ಕಾಲದಲ್ಲಿ ಸಾಮಾನ್ಯವಾಗಿ ನೆಗೆಟಿವು ಎಷ್ಟು ದೊಡ್ಡದೋ ಅಚ್ಚಾದ ಚಿತ್ರವೂ ಅಷ್ಟೇ ದೊಡ್ಡದು. ಆದ್ದರಿಂದ ಹಾಳೆಯಷ್ಟೇ ಅಗಲವಾದ ಕ್ಯಾಮರಾ ಪೆಟ್ಟಿಗೆಯೂ ಅದನ್ನು ನಿಲ್ಲಿಸಲು ಗಟ್ಟಿಯಾದ ಮುಕ್ಕಾಲಿಯೂ ಬೇಕಾಗಿದ್ದುವು. 1851ರಲ್ಲಿ ಬೆಳಕಿಗೆ ಬಂದ ಗಾಜಿನ ಫಲಕದ ಕ್ರಮವಾದರೋ ಇದಕ್ಕಿಂತಲೂ ಶ್ರಮದ್ದು. ಫಲಕಕ್ಕೆ ದ್ರಾವಣವನ್ನು ಹಚ್ಚಿ, ಅದು ಒಣಗುವುದರೊಳಗೆ ಚಿತ್ರ ತೆಗೆದು, ಅಲ್ಲಿಯೇ ಕತ್ತಲೆಯ ಡೇರೆಯಲ್ಲಿ ತೊಳೆದು ಮುಗಿಸಬೇಕಾಗಿದ್ದಿತು. ಈ ಕ್ರಮದಿಂದ ಹಿಮಾಲಯವನ್ನು ಚಿತ್ರಿಸಲು 1863ರಲ್ಲಿ ಸಿಮ್ಲಾದಿಂದ ಹೊರಟ ಸ್ಯಾಮ್ಯುಯೆಲ್ ಬೋರ್ನ್ ಎಂಬ ಇಂಗ್ಲಿಷ್ ಛಾಯಾಗ್ರಾಹಕನ ಜೊತೆಯಲ್ಲಿ ಸುಮಾರು 30 ಮಂದಿ ಹಮಾಲಿಗಳಿದ್ದರು. ಗಾಜು, ರಾಸಾಯನಿಕ, ಡೇರೆ ಇವೇ ಅವರ ತಲೆಯ ಹೊರೆ.

ಈ ಹೊರೆಯನ್ನು ಇಳಿಸಿದವರಲ್ಲಿ ಜರ್ಮನಿಯ ಆಸ್ಕರ್ ಬಾರ್ನಾಕ್ ಮುಖ್ಯನು. ಆತನಿಗೆ ಉಬ್ಬಸದ ವ್ಯಾಧಿ. ಭಾರವಾದ ಪೆಟ್ಟಿಗೆಯನ್ನು ಹೊತ್ತು ಬೆಟ್ಟ ಹತ್ತಲಾರದ ಆತನು, ಚಲಚ್ಚಿತ್ರಕ್ಕಾಗಿ ತಯಾರಾಗುತ್ತಿದ್ದ 35 ಮಿಲಿಮೀಟರ್ ಅಗಲದ ಫಿಲ್ಮನ್ನು ಬಳಸಿ, ಅಂಗಿಯ ಜೇಬಿಗೆ ಹೊಂದುವಂಥ ಕ್ಯಾಮರಾವೊಂದನ್ನು ಯೋಚಿಸಿದನು. ಅದೇ 1925ರಲ್ಲಿ ಲೈಕಾ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಒಬ್ಬ ರೋಗಿಯ ಹೆಗಲಿನ ಅಶಕ್ತಿಯು ಲೋಕದ ಪ್ರವಾಸಿಗರಿಗೆಲ್ಲ ಉಪಕಾರವಾಗಿ ಪರಿಣಮಿಸಿತೆಂದು ಹೇಳಬಹುದು.

ಈಗಿನ ಕ್ಯಾಮರಾಗಳಲ್ಲಿ ಒಳಗಿನ ಕನ್ನಡಿಯನ್ನೂ ತೆಗೆದುಹಾಕಿ ಮೈಯನ್ನು ಮತ್ತಷ್ಟು ಕಿರಿದು ಮಾಡಿದ್ದಾರೆ. ಮಿರರ್‌ಲೆಸ್ ಎಂದು ಕರೆಯುವುದು ಇವನ್ನೇ. ಉದಾಹರಣೆಗೆ ಕ್ಯಾನನ್ ಕಂಪನಿಯು 2023ರಲ್ಲಿ ಹೊರತಂದ ಆರ್50 ಎಂಬ ಕ್ಯಾಮರಾದ ತೂಕವು ಬ್ಯಾಟರಿ ಸಹಿತವಾಗಿ 375 ಗ್ರಾಂ ಮಾತ್ರ. ಒಂದು ಸೇರಿನ ತೆಂಗಿನಕಾಯಿಗಿಂತ ಹಗುರ. ಹೀಗೆ ನೂರೆಪ್ಪತ್ತು ವರ್ಷಗಳಲ್ಲಿ ಕ್ಯಾಮರಾವು ಕುಗ್ಗುತ್ತ ಬಂದಿದೆ. ನಾವಾದರೋ ಚೀಲವನ್ನು ಹಿಗ್ಗಿಸುತ್ತಲೇ ಇದ್ದೇವೆ. ಚೀಲದಲ್ಲಿ ಸ್ಥಳವಿದ್ದಷ್ಟೂ ಅದನ್ನು ತುಂಬಬೇಕೆಂಬ ಆಸೆಯು ಮನುಷ್ಯನಿಗೆ ಸಹಜ. ಚಿಕ್ಕ ಚೀಲವನ್ನು ಕೊಳ್ಳುವುದೆಂದರೆ ಈ ಆಸೆಗೆ ಮೊದಲೇ ಒಂದು ಕಟ್ಟೆ ಕಟ್ಟಿದಂತೆ.

ಮೊದಲು ಸಾಮಾನು, ಆಮೇಲೆ ಚೀಲ

ಪಾತ್ರೆಯನ್ನು ಕೊಳ್ಳುವ ಗೃಹಿಣಿಯು ಮನೆಯಲ್ಲಿ ಎಷ್ಟು ಜನ ಉಣ್ಣುವರೆಂಬುದನ್ನು ಮೊದಲು ಲೆಕ್ಕ ಹಾಕುತ್ತಾಳೆ. ಚೀಲಕ್ಕೂ ಇದೇ ನ್ಯಾಯ. ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿ ಒಂದು ಚಾಪೆಯನ್ನು ಹಾಸಿ, ಒಂದು ದಿನದ ತಿರುಗಾಟಕ್ಕೆ ನಿಜವಾಗಿಯೂ ಬೇಕಾದ ಸಾಮಾನುಗಳನ್ನು ಅದರ ಮೇಲೆ ಸಾಲಾಗಿ ಇಡತಕ್ಕದ್ದು: ಲೆನ್ಸು ತೊಡಿಸಿದ ಕ್ಯಾಮರಾ, ಇನ್ನೊಂದು ಲೆನ್ಸು, ಒಂದು ಹೆಚ್ಚಿನ ಬ್ಯಾಟರಿ, ಒಂದು ಹೆಚ್ಚಿನ ಮೆಮೊರಿ ಕಾರ್ಡು, ಗಾಜು ಒರೆಸುವ ಮೆತ್ತನೆಯ ಬಟ್ಟೆ. ಕುಟುಂಬದ ಪ್ರವಾಸಕ್ಕೆ ಇಷ್ಟು ಸಾಕು. ಇದರ ಮೇಲೆ ಇನ್ನೇನಾದರೂ ಇಡಬೇಕೆಂದು ತೋರಿದರೆ, ಕಳೆದ ಎರಡು ಪ್ರವಾಸಗಳಲ್ಲಿ ಅದನ್ನು ಎಷ್ಟು ಸಲ ಹೊರತೆಗೆದೆವೆಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಒಮ್ಮೆಯೂ ತೆಗೆದಿಲ್ಲವಾದರೆ ಅದು ಬೀರುವಿನಲ್ಲಿಯೇ ಇರಲಿ. ಚಾರ್ಜರು ರಾತ್ರಿ ಬೇಕಾಗುವ ವಸ್ತು. ಅದು ಬಟ್ಟೆಯ ಪೆಟ್ಟಿಗೆಯಲ್ಲಿ ಹೋಗಬಹುದು, ಹಗಲೆಲ್ಲ ಹೆಗಲ ಮೇಲೆ ತಿರುಗಬೇಕಾದುದಿಲ್ಲ.

ಅನಂತರ ಅಳತೆ. ಮೇಲೆ ಹೇಳಿದ ಕ್ಯಾಮರಾವನ್ನೇ ತೆಗೆದುಕೊಳ್ಳೋಣ. ಅದರ ಅಗಲವು ಸುಮಾರು 12 ಸೆಂಟಿಮೀಟರು, ಎತ್ತರವು ಸುಮಾರು 9. ಚಿಕ್ಕ ಲೆನ್ಸನ್ನು ತೊಡಿಸಿದಾಗ ಮುಂದಿನಿಂದ ಹಿಂದಕ್ಕೆ ಸುಮಾರು 11. ಲೆನ್ಸು ಕೆಳಮುಖವಾಗುವಂತೆ ಅದನ್ನು ಚೀಲದಲ್ಲಿಟ್ಟು, ಪಕ್ಕದಲ್ಲಿ 7 ಸೆಂಟಿಮೀಟರು ದಪ್ಪದ ದೂರದ ಲೆನ್ಸೊಂದನ್ನು ನಿಲ್ಲಿಸಿ, ನಡುವೆ ಒಂದು ಮೆತ್ತನೆಯ ಅಡ್ಡಗೋಡೆಯನ್ನು ಬಿಟ್ಟು, ಸುತ್ತಲೂ ಬೆರಳು ಆಡುವಷ್ಟು ಎಡೆಯನ್ನು ಕೊಟ್ಟರೆ, ಒಳಗಿನ ಉದ್ದ 22, ಅಗಲ 10, ಆಳ 12 ಸೆಂಟಿಮೀಟರುಗಳಾಗುತ್ತವೆ. ಇವುಗಳನ್ನು ಗುಣಿಸಿದರೆ 2,640 ಘನ ಸೆಂಟಿಮೀಟರು. ಅಂದರೆ ಸುಮಾರು ಎರಡೂಮುಕ್ಕಾಲು ಲೀಟರು. ಬ್ಯಾಟರಿ ಕಾರ್ಡುಗಳಿಗೆ ಮುಂದಿನ ಜೇಬು ಇರುವುದರಿಂದ ಮೂರು ಲೀಟರಿನ ಚೀಲವೇ ಧಾರಾಳವಾಯಿತು. ಅಂಗಡಿಗಳಲ್ಲಿ ‘ಚಿಕ್ಕದು’ ಎಂದು ಹೇಳಿ ಹತ್ತು ಲೀಟರಿನ ಚೀಲವನ್ನು ಮುಂದಿಡುವುದುಂಟು. ತಮ್ಮ ಸಾಮಾನಿನ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋದವರು ಈ ಮಾತಿಗೆ ಮರುಳಾಗುವುದಿಲ್ಲ. ಕೊಳ್ಳುವಾಗ ಚೀಲದ ಹೊರಗಿನ ಅಳತೆಯನ್ನಲ್ಲ, ಒಳಗಿನ ಅಳತೆಯನ್ನು ಕೇಳಬೇಕೆಂಬುದನ್ನೂ ಮರೆಯಲಾಗದು. ಮೆತ್ತೆಯ ದಪ್ಪವು ಎರಡು ಕಡೆಗಳಿಂದಲೂ ಸ್ಥಳವನ್ನು ತಿನ್ನುತ್ತದೆ.

ತೂಕವನ್ನು ಅಡಿಗೆಮನೆಯ ತಕ್ಕಡಿಯಲ್ಲಿಯೇ ನೋಡಬಹುದು. ಈ ಕ್ಯಾಮರಾ, ಅದರ 130 ಗ್ರಾಮಿನ ಚಿಕ್ಕ ಲೆನ್ಸು, 270 ಗ್ರಾಮಿನ ದೂರದ ಲೆನ್ಸು, ಮೂರೂ ಸೇರಿ 775 ಗ್ರಾಂ. ಚೀಲದ ತೂಕವೂ ಸೇರಿ ಒಂದೂವರೆ ಕಿಲೋ ಮೀರದಿದ್ದರೆ ವಯಸ್ಸಾದವರೂ ದಿನವಿಡೀ ಹೊರಬಲ್ಲರು. ಖಾಲಿ ಚೀಲವೇ ಒಂದು ಕಿಲೋ ತೂಗುವುದಾದರೆ, ಒಳಗಿನ ಕಾಳಿಗಿಂತ ಗೋಣಿಯೇ ಭಾರವಾದಂತಾಯಿತು.

ಚೀಲದ ಜಾತಿಗಳು

ಚಿಕ್ಕ ಚೀಲಗಳಲ್ಲಿ ಮುಖ್ಯವಾಗಿ ನಾಲ್ಕು ಜಾತಿಗಳು ಕಾಣಬರುತ್ತವೆ.

ಒಂದನೆಯದು ಬಗಲುಚೀಲ. ಪಟ್ಟಿಯನ್ನು ಒಂದು ಹೆಗಲಿನಿಂದ ಎದೆಯ ಮೇಲೆ ಅಡ್ಡಲಾಗಿ ಹಾಯಿಸಿ ಎದುರು ಪಕ್ಕದ ಸೊಂಟದ ಬಳಿ ಚೀಲವು ತೂಗುವಂತೆ ಧರಿಸುವುದು ಇದರ ಕ್ರಮ. ನಮ್ಮ ಜೋಳಿಗೆಗೆ ಇದು ಹತ್ತಿರದ ನಂಟು. ಕೈಯನ್ನು ಇಳಿಬಿಟ್ಟರೆ ಸಾಕು, ಕ್ಯಾಮರಾ ಸಿಕ್ಕುತ್ತದೆ. ಪ್ರವಾಸಕ್ಕೆ ಎಲ್ಲಕ್ಕಿಂತ ಉಪಯುಕ್ತವಾದುದು ಇದೇ. ಒಂದೇ ಹೆಗಲಿಗೆ ಭಾರ ಬೀಳುವುದು ಇದರ ದೋಷವಾದರೂ, ಭಾರವು ಕಡಮೆಯಿದ್ದು ಆಗಾಗ ಹೆಗಲನ್ನು ಬದಲಿಸುತ್ತಿದ್ದರೆ ತೊಂದರೆಯಾಗದು.

ಎರಡನೆಯದು ಸೊಂಟದ ಚೀಲ. ಭಾರವು ಹೆಗಲಿಗೆ ತಾಕದೆ ಸೊಂಟದ ಮೇಲೆ ಕೂರುವುದರಿಂದ ಬೆಟ್ಟ ಹತ್ತುವವರಿಗೆ ಹಿತವಾದುದು. ಸೀರೆಯುಟ್ಟವರಿಗೆ ಮಾತ್ರ ನೆರಿಗೆಯ ಮೇಲೆ ಪಟ್ಟಿಯನ್ನು ಬಿಗಿಯುವುದು ಅನುಕೂಲವಲ್ಲ. ಅವರಿಗೆ ಬಗಲುಚೀಲವೇ ಲೇಸು.

ಮೂರನೆಯದು ಬೆನ್ನಿನ ಚೀಲ. ಎರಡು ಹೆಗಲಿಗೂ ಸಮನಾಗಿ ಭಾರವನ್ನು ಹಂಚುತ್ತದೆಂಬುದು ನಿಜ. ಆದರೆ ಪ್ರತಿಯೊಂದು ಚಿತ್ರಕ್ಕೂ ಅದನ್ನು ಕೆಳಗಿಳಿಸಿ, ಬಿಚ್ಚಿ, ಮತ್ತೆ ಏರಿಸಬೇಕು. ಹತ್ತು ಸಲ ಹೀಗೆ ಮಾಡಿದವರು ಹನ್ನೊಂದನೆಯ ಸಲ ‘ಇರಲಿ ಬಿಡು’ ಎನ್ನುತ್ತಾರೆ. ಅಲ್ಲದೆ ಸಂತೆಯ ನೂಕುನುಗ್ಗಲಿನಲ್ಲಿ ಬೆನ್ನ ಹಿಂದಿನ ಜಿಪ್ಪಿಗೆ ಯಾರ ಕೈ ತಗಲಿತೆಂಬುದು ತಿಳಿಯುವುದಿಲ್ಲ.

ನಾಲ್ಕನೆಯದು ನಿಜವಾಗಿ ಚೀಲವಲ್ಲ, ಚೀಲದೊಳಗಿನ ಮೆತ್ತೆಯ ಗೂಡು. ಮನೆಯಲ್ಲಿ ಈಗಾಗಲೇ ಇರುವ ಗಟ್ಟಿಯಾದ ಬಟ್ಟೆಯ ಚೀಲದೊಳಗೆ ಇದನ್ನು ಇಳಿಸಿದರೆ ಅದೇ ಕ್ಯಾಮರಾ ಚೀಲವಾಗುತ್ತದೆ; ತೆಗೆದರೆ ಮತ್ತೆ ತರಕಾರಿಯ ಚೀಲವಾಗುತ್ತದೆ. ವೆಚ್ಚ ಕಡಮೆ. ಹೊರಗಿನಿಂದ ನೋಡುವವರಿಗೆ ಒಳಗೆ ಬೆಲೆಬಾಳುವ ವಸ್ತುವಿದೆಯೆಂಬ ಸುಳಿವೂ ಸಿಕ್ಕುವುದಿಲ್ಲ. ವರ್ಷಕ್ಕೆ ಒಂದೆರಡು ಸಲ ಪ್ರವಾಸ ಹೋಗುವ ಗೃಹಸ್ಥರು ಮೊದಲು ಇದನ್ನು ಪರೀಕ್ಷಿಸಿ ನೋಡುವುದು ಒಳ್ಳೆಯದು.

ಅಂಗಡಿಯಲ್ಲಿ ನೋಡತಕ್ಕ ಗುಣಗಳು

ಚೀಲವನ್ನು ಕೊಳ್ಳಲು ಹೋಗುವಾಗ ಕ್ಯಾಮರಾವನ್ನು ಜೊತೆಯಲ್ಲಿಯೇ ಒಯ್ಯಬೇಕು. ಪಾದವನ್ನು ಮನೆಯಲ್ಲಿಟ್ಟು ಪಾದರಕ್ಷೆಯನ್ನು ಕೊಂಡು ತಂದವರಿಲ್ಲ. ಕ್ಯಾಮರಾವನ್ನು ಒಳಗಿಟ್ಟು, ಚೀಲವನ್ನು ಧರಿಸಿ, ಒಂದೇ ಕೈಯಿಂದ ತೆರೆದು ಹೊರತೆಗೆಯಲು ಬರುವುದೆ ಎಂದು ನೋಡಬೇಕು. ಮುಚ್ಚಳವು ಮೈಯಿಂದ ಆಚೆಗೆ ತೆರೆದುಕೊಂಡರೆ ಕೈಗೆ ಅಡ್ಡಿಯಿಲ್ಲ; ಮೈಯ ಕಡೆಗೆ ತೆರೆದುಕೊಂಡರೆ ಹೊಟ್ಟೆಗೂ ಕ್ಯಾಮರಾಕ್ಕೂ ನಡುವೆ ಅದೊಂದು ಗೋಡೆಯಾಗುತ್ತದೆ.

ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಡಬೇಕು. ಕೂಡಲೆ ಮೊದಲಿನ ಆಕಾರಕ್ಕೆ ಬಂದರೆ ಒಳ್ಳೆಯದು. ತಗ್ಗು ಹಾಗೆಯೇ ಉಳಿದರೆ ಅಂಥ ಮೆತ್ತೆಯು ಬೇಗ ಚಪ್ಪಟೆಯಾಗುತ್ತದೆ. ಎಲ್ಲ ಕಡೆಗಳಿಗಿಂತಲೂ ತಳದ ಮೆತ್ತೆಯು ದಪ್ಪವಾಗಿರಬೇಕು, ಏಕೆಂದರೆ ಚೀಲಕ್ಕೆ ಪೆಟ್ಟು ಬೀಳುವುದು ಕೆಳಗಿಡುವಾಗಲೇ ಹೆಚ್ಚು. ಆದರೆ ಮೆತ್ತೆ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚೆಂದು ತಿಳಿಯುವುದು ಸರಿಯಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದ ದಿನಪತ್ರಿಕೆಯೊಂದರಲ್ಲಿ ಛಾಯಾಗ್ರಾಹಕರಾಗಿದ್ದ ಜಿಮ್ ಡೊಮ್ಕಿ ಎಂಬವರು 1970ರ ದಶಕದಲ್ಲಿ ದಪ್ಪ ಮೆತ್ತೆಗಳನ್ನು ಬಿಟ್ಟು, ಮೈಗೆ ಹೊಂದಿಕೊಳ್ಳುವ ತೆಳುವಾದ ಹತ್ತಿಯ ಕ್ಯಾನ್ವಾಸಿನಿಂದ ಚೀಲವೊಂದನ್ನು ಹೊಲಿಸಿದರು. ಸುದ್ದಿಯ ಬೆನ್ನಟ್ಟಿ ಓಡಾಡುವವರಿಗೆ ಕೈಗೆ ಬೇಗ ಸಿಕ್ಕುವುದೇ ಮುಖ್ಯವಾದುದರಿಂದ ಆ ಮಾದರಿಯ ಚೀಲವು ಪತ್ರಿಕಾ ಛಾಯಾಗ್ರಾಹಕರಲ್ಲಿ ಬಹಳ ಪ್ರಚಾರಕ್ಕೆ ಬಂದಿತು. ಗೃಹಸ್ಥರಿಗೆ ಅಷ್ಟು ಅವಸರವಿಲ್ಲದಿದ್ದರೂ ಅದರ ನೀತಿಯು ಅನ್ವಯಿಸುತ್ತದೆ.

ಬಟ್ಟೆಗಳಲ್ಲಿ ಹತ್ತಿಯ ಕ್ಯಾನ್ವಾಸು ಬಾಳಿಕೆಯುಳ್ಳದ್ದು, ಆದರೆ ನೀರು ಕುಡಿದರೆ ಭಾರವಾಗಿ ನಿಧಾನವಾಗಿ ಒಣಗುತ್ತದೆ. ಮೇಣ ಹಿಡಿಸಿದುದಾದರೆ ನೀರನ್ನು ತಕ್ಕಮಟ್ಟಿಗೆ ತಡೆಯುತ್ತದೆ. ನೈಲಾನು ಹಗುರವೂ ಬೇಗ ಒಣಗುವಂಥದೂ ಆಗಿದೆ. ಅದರ ಚೀಟಿಯಲ್ಲಿ 500 ಡೀನಿಯರ್, 1000 ಡೀನಿಯರ್ ಎಂದು ಬರೆದಿರುವುದುಂಟು. ಒಂಬತ್ತು ಸಾವಿರ ಮೀಟರು ಉದ್ದದ ನೂಲು ಎಷ್ಟು ಗ್ರಾಂ ತೂಗುವುದೋ ಅದೇ ಅದರ ಡೀನಿಯರು. ಅಂಕಿ ಹೆಚ್ಚಾದಷ್ಟೂ ನೂಲು ದಪ್ಪ. ಚಿಕ್ಕ ಚೀಲಕ್ಕೆ 500 ಸಾಕು. ಚರ್ಮದ ಚೀಲವು ಕಣ್ಣಿಗೆ ಅಂದವಾದರೂ ತೂಕ ಹೆಚ್ಚು. ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೇ ಮೊದಲು ಬೂಷ್ಟು ಹಿಡಿಯುತ್ತದೆ. ಬಣ್ಣದ ವಿಷಯದಲ್ಲಿ ಕಪ್ಪಿಗಿಂತ ಖಾಕಿ, ಬೂದಿ ಮೊದಲಾದ ತಿಳಿಬಣ್ಣಗಳು ಬಿಸಿಲಿನಲ್ಲಿ ಕಡಮೆ ಕಾಯುತ್ತವೆ. ಒಳಗಿನ ಅಸ್ತರು ಮಾತ್ರ ತಿಳಿಬಣ್ಣದ್ದೇ ಆಗಿರಲಿ, ಕಪ್ಪು ಅಸ್ತರಿನಲ್ಲಿ ಬಿದ್ದ ಕಪ್ಪು ಮುಚ್ಚಳವನ್ನು ಹುಡುಕುವುದು ಕಷ್ಟ.

ಎಲ್ಲಕ್ಕಿಂತಲೂ ಎಚ್ಚರಿಕೆಯಿಂದ ನೋಡಬೇಕಾದುದು ಪಟ್ಟಿಯು ಚೀಲವನ್ನು ಸೇರುವ ಎಡೆ. ಬಟ್ಟೆಯ ಅಂಚಿಗೆ ಒಂದು ಸಾಲು ಹೊಲಿಗೆಯನ್ನು ಮಾತ್ರ ಹಾಕಿದ್ದರೆ ಅದು ನಂಬತಕ್ಕದ್ದಲ್ಲ. ಚೌಕದೊಳಗೆ ಅಡ್ಡಗೆರೆಗಳನ್ನು ಹಾಯಿಸಿ ಹೊಲಿದಿರಬೇಕು. ಪಟ್ಟಿಯು ಚೀಲದ ತಳದವರೆಗೂ ಸುತ್ತಿಬಂದಿದ್ದರೆ ಇನ್ನೂ ಉತ್ತಮ. ಜಿಪ್ಪನ್ನು ಹತ್ತು ಸಲ ಎಳೆದು ಮೂಲೆಗಳಲ್ಲಿ ಸಿಕ್ಕಿಕೊಳ್ಳುವುದೆ ಎಂದು ನೋಡಬೇಕು. ವೆಲ್‌ಕ್ರೋ ಪಟ್ಟಿಯು ತೆರೆಯುವಾಗ ಪರಪರನೆ ಸದ್ದು ಮಾಡುತ್ತದೆ. ಭಜನೆಯ ನಡುವೆಯೂ ಮಲಗಿದ ಮಗುವಿನ ಪಕ್ಕದಲ್ಲಿಯೂ ಆ ಸದ್ದು ಯಾರಿಗೂ ಪ್ರಿಯವಾಗದು.

ಮಳೆ ಮತ್ತು ತೇವ

ನಮ್ಮ ನಾಡಿನಲ್ಲಿ ಕ್ಯಾಮರಾಕ್ಕೆ ಕಳ್ಳನಿಗಿಂತಲೂ ದೊಡ್ಡ ಶತ್ರುವು ತೇವವೇ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆಯಾದರೆ ಆಗುಂಬೆಯಲ್ಲಿ 7,000ಕ್ಕೂ ಮೇಲ್ಪಟ್ಟು ಸುರಿಯುತ್ತದೆ. ಮೈಸೂರಿಗೆ ಸಾಕಾದ ಚೀಲವು ಆಗುಂಬೆಗೆ ಸಾಲದು. ಅಂಗಡಿಯವರು ‘ನೀರು ತಡೆಯುತ್ತದೆ’ ಎಂದು ಹೇಳುವ ಚೀಲಗಳಲ್ಲಿ ಬಹುಪಾಲು ತುಂತುರನ್ನು ತಡೆಯಬಲ್ಲವೇ ಹೊರತು ಜಡಿಮಳೆಯನ್ನಲ್ಲ. ಬಟ್ಟೆಯು ತಡೆದರೂ ಹೊಲಿಗೆಯ ತೂತುಗಳಿಂದಲೂ ಜಿಪ್ಪಿನ ಹಲ್ಲುಗಳಿಂದಲೂ ನೀರು ಇಳಿಯುತ್ತದೆ. ಆದ್ದರಿಂದ ಮೇಲೆ ಹೊದಿಸುವ ಮಳೆಗವಸು ಇರುವ ಚೀಲವನ್ನೇ ಆರಿಸಬೇಕು. ಅದಿಲ್ಲದ ಪಕ್ಷದಲ್ಲಿ ದಪ್ಪನಾದ ಪ್ಲಾಸ್ಟಿಕ್ಕಿನ ಕವರೊಂದನ್ನು ಮಡಿಸಿ ಹಿಂದಿನ ಜೇಬಿನಲ್ಲಿ ಇಟ್ಟಿರಬೇಕು.

ಹೊರಗಿನ ನೀರಿಗಿಂತ ಒಳಗೆ ಉಳಿದ ತೇವವು ಹೆಚ್ಚು ಅಪಾಯಕರ. ಗಾಳಿಯಲ್ಲಿ ಸಾಪೇಕ್ಷ ಆರ್ದ್ರತೆಯು ನೂರಕ್ಕೆ 60–70ನ್ನು ಮೀರಿ ಬಹುದಿನ ಹಾಗೆಯೇ ಇದ್ದರೆ ಲೆನ್ಸಿನ ಗಾಜಿನ ಮೇಲೆ ಬೂಷ್ಟು ಹುಟ್ಟುತ್ತದೆ. ಜೇಡರ ಬಲೆಯ ಎಳೆಗಳಂತೆ ಹರಡುವ ಇದು ಕ್ರಮೇಣ ಗಾಜಿನ ಲೇಪವನ್ನೇ ಕೊರೆದುಬಿಡುತ್ತದೆ. ಕತ್ತಲೆ, ಧೂಳು, ಗಾಳಿಯಾಡದ ಸ್ಥಳ, ತೇವವನ್ನು ಹೀರಿದ ಮೆತ್ತೆ ಇವೆಲ್ಲವೂ ಬೂಷ್ಟಿಗೆ ಪ್ರಿಯವಾದುವು. ಮುಚ್ಚಿಟ್ಟ ಕ್ಯಾಮರಾ ಚೀಲದಲ್ಲಿ ಇವೆಲ್ಲವೂ ಒಟ್ಟಿಗೆ ದೊರೆಯುತ್ತವೆ. ಎಷ್ಟೋ ಮನೆಗಳಲ್ಲಿ ಪ್ರವಾಸದಿಂದ ಮರಳಿದ ದಿನ ಬೀರುವನ್ನು ಸೇರಿದ ಚೀಲವು ಮುಂದಿನ ಪ್ರವಾಸಕ್ಕೇ ಹೊರಬರುತ್ತದೆ. ಅಷ್ಟರಲ್ಲಿ ಬೆಲೆಬಾಳುವ ಲೆನ್ಸು ಮಸುಕಾಗಿರುತ್ತದೆ. ಆದ್ದರಿಂದ ಇದೊಂದು ನಿಯಮವನ್ನು ಗಟ್ಟಿಯಾಗಿ ಹಿಡಿಯಬೇಕು: ಚೀಲವು ಕ್ಯಾಮರಾದ ವಾಹನ, ಅದರ ಮನೆಯಲ್ಲ. ಮನೆಗೆ ಬಂದೊಡನೆ ಕ್ಯಾಮರಾವನ್ನು ಹೊರತೆಗೆದು, ಒರೆಸಿ, ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಇಡಬೇಕು. ತೇವವನ್ನು ಅಳೆಯುವ ಚಿಕ್ಕ ಮಾಪಕವೊಂದನ್ನು ಅದರಲ್ಲಿಟ್ಟು ಆರ್ದ್ರತೆಯು 40ರಿಂದ 50ರ ನಡುವೆ ಇರುವಂತೆ ನೋಡಿಕೊಂಡರೆ ಒಳ್ಳೆಯದು. ಸಿಲಿಕಾ ಜೆಲ್ಲಿನ ಬಣ್ಣ ಬದಲಾಯಿತೆಂದರೆ ಅದು ತೇವವನ್ನು ಹೀರಿ ತುಂಬಿತೆಂದು ಅರ್ಥ. ಅದನ್ನು ಬಿಸಿಮಾಡಿ ಮತ್ತೆ ಬಳಸಬಹುದು. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಲವಣವು ಇರುವುದರಿಂದ ಅದನ್ನು ಅಡಿಗೆಯ ಪಾತ್ರೆಯಲ್ಲಿ ಕಾಯಿಸಬಾರದು, ಮಕ್ಕಳ ಕೈಗೂ ಸಿಕ್ಕಕೂಡದು. ನುಸಿಗುಳಿಗೆಯು ಹುಳುವನ್ನು ಓಡಿಸುತ್ತದೆಯೇ ಹೊರತು ತೇವವನ್ನು ಹೀರುವುದಿಲ್ಲವಾದ್ದರಿಂದ ಇಲ್ಲಿ ಅದರಿಂದ ಪ್ರಯೋಜನವಿಲ್ಲ. ಖಾಲಿಯಾದ ಚೀಲವನ್ನು ಬೋರಲಾಗಿಸಿ ಕೊಡವಿ, ನೆರಳಿನಲ್ಲಿ ಗಾಳಿಗೆ ತೂಗುಹಾಕಬೇಕು.

ಚೀಲವನ್ನು ಮುಚ್ಚಿಯೇ ಇಡಬೇಕಾದ ಸಂದರ್ಭವೂ ಒಂದುಂಟು. ತಂಪು ಮಾಡಿದ ರೈಲಿನ ಡಬ್ಬಿಯಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆ ಮಂಗಳೂರಿನಲ್ಲಿ ಇಳಿದವರು ಕೂಡಲೆ ಕ್ಯಾಮರಾವನ್ನು ಹೊರತೆಗೆದರೆ ಲೆನ್ಸಿನ ಮೇಲೆ ಮಂಜು ಕವಿಯುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುವಂತೆಯೇ ಇದು. ಕಡಲತೀರದ ಆರ್ದ್ರವಾದ ಗಾಳಿಯು ತಣ್ಣನೆಯ ಗಾಜಿಗೆ ತಗಲಿ ನೀರಾಗುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಚೀಲವನ್ನು ತೆರೆಯದೆ ಬಿಟ್ಟರೆ, ಮೆತ್ತೆಯು ಶಾಖವನ್ನು ಮೆಲ್ಲಮೆಲ್ಲಗೆ ಒಳಗೆ ಬಿಟ್ಟು, ಕ್ಯಾಮರಾವು ಹೊರಗಿನ ಹವೆಗೆ ಹೊಂದಿಕೊಳ್ಳುತ್ತದೆ. ಕಾಫಿ ಕುಡಿದು ಮುಗಿಸುವಷ್ಟು ಹೊತ್ತಿನ ತಾಳ್ಮೆಯಿಂದ ಇಡೀ ದಿನದ ಕಿರುಕುಳವು ತಪ್ಪುವುದು.

ದಾರಿಯಲ್ಲಿ

ಬಸ್ಸಿನ ಮೇಲಿನ ಹಲಗೆಯಲ್ಲಿ ಕ್ಯಾಮರಾ ಚೀಲವನ್ನು ಇಡಬಾರದು. ಘಟ್ಟದ ತಿರುವಿನಲ್ಲಿ ಅದು ಯಾರ ತಲೆಯ ಮೇಲೆ ಬೀಳುವುದೋ ಹೇಳಲಾಗದು. ಕಾಲಬುಡದಲ್ಲಿಟ್ಟರೆ ತುಳಿತಕ್ಕೂ ಅದುರಿಗೂ ಈಡಾಗುತ್ತದೆ. ಚಿಕ್ಕ ಚೀಲದ ದೊಡ್ಡ ಉಪಕಾರವೆಂದರೆ ಅದು ತೊಡೆಯ ಮೇಲೆಯೇ ಕೂರುತ್ತದೆ. ರೈಲಿನಲ್ಲಿ ಮಲಗುವಾಗ ಅದರ ಪಟ್ಟಿಯನ್ನು ತೋಳಿಗೆ ಸುತ್ತಿಕೊಂಡು ಗೋಡೆಯ ಪಕ್ಕಕ್ಕೆ ಇಟ್ಟುಕೊಳ್ಳಬೇಕು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಎಂದಿಗೂ ಬಿಟ್ಟುಹೋಗಬಾರದು. ಬೇಸಗೆಯ ಹಂಪೆಯಲ್ಲಿ ಮುಚ್ಚಿದ ಕಾರಿನ ಒಳಭಾಗವು ಹೊರಗಿನದಕ್ಕಿಂತ ಬಹಳ ಹೆಚ್ಚಾಗಿ ಕಾಯುವುದರಿಂದ ಬ್ಯಾಟರಿಗೂ ಲೆನ್ಸಿಗೂ ಹಾನಿಯಾಗುತ್ತದೆ.

ವಿಮಾನದಲ್ಲಿ ಹೋಗುವವರು ಹೆಚ್ಚಿನ ಬ್ಯಾಟರಿಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕೆಂಬ ನಿಯಮವುಂಟು. ಒಪ್ಪಿಸುವ ಪೆಟ್ಟಿಗೆಯಲ್ಲಿ ಅವುಗಳನ್ನು ಹಾಕುವಂತಿಲ್ಲ. ಒಂದು ಬ್ಯಾಟರಿಯ ಶಕ್ತಿಯು 100 ವಾಟ್-ಅವರ್ ಮೀರದಿದ್ದರೆ ವಿಶೇಷ ಅನುಮತಿಯು ಬೇಕಾಗಿಲ್ಲ. ಚಿಕ್ಕ ಕ್ಯಾಮರಾಗಳ ಬ್ಯಾಟರಿಯು ಏಳೆಂಟು ವಾಟ್-ಅವರ್ ಮಾತ್ರವಾದುದರಿಂದ ಆತಂಕವಿಲ್ಲ. ಅವುಗಳ ಲೋಹದ ತುದಿಗಳು ಬೀಗದಕೈ, ನಾಣ್ಯ ಮೊದಲಾದುವಕ್ಕೆ ತಗಲದಂತೆ ಮುಚ್ಚಳ ಹಾಕಿ ಬೇರೆ ಜೇಬಿನಲ್ಲಿಡಬೇಕು. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕೈಸಾಮಾನಿಗೆ ಸಾಮಾನ್ಯವಾಗಿ 7 ಕಿಲೋ ಮಿತಿಯಿರುವಾಗ ಒಂದೂವರೆ ಕಿಲೋ ಚೀಲದ ಬೆಲೆಯು ತಾನಾಗಿಯೇ ತಿಳಿಯುವುದು.

ಯಾತ್ರೆಗೆ ಹೋಗುವವರು ಇನ್ನೊಂದು ಮಾತನ್ನು ಯೋಚಿಸಬೇಕು. ತಿರುಮಲೆಯ ದೇವಸ್ಥಾನದೊಳಗೆ ಕ್ಯಾಮರಾವನ್ನಾಗಲಿ ಮೊಬೈಲನ್ನಾಗಲಿ ಒಯ್ಯುವಂತಿಲ್ಲ. ಬೇರೆ ಕೆಲವು ಕ್ಷೇತ್ರಗಳಲ್ಲಿಯೂ ಇದೇ ಕಟ್ಟಳೆ. ಆಗ ಚೀಲವನ್ನು ಹೊರಗೆ ಒಪ್ಪಿಸಬೇಕಾಗುತ್ತದೆ. ಜಿಪ್ಪಿನ ಎರಡು ತುದಿಗಳನ್ನು ಕೂಡಿಸಿ ಪುಟ್ಟ ಬೀಗ ಹಾಕಲು ಬರುವ ಚೀಲವು ಅಂಥಲ್ಲಿ ಮನಸ್ಸಿಗೆ ನೆಮ್ಮದಿ ಕೊಡುತ್ತದೆ. ಕೋತಿಗಳಿರುವ ಬೆಟ್ಟಗಳಲ್ಲಿ ಬಾಳೆಹಣ್ಣನ್ನೋ ಕಡಲೆಕಾಯಿಯನ್ನೋ ಈ ಚೀಲದಲ್ಲಿ ಇಡಕೂಡದು. ಒಮ್ಮೆ ಹಣ್ಣಿನ ವಾಸನೆ ಬಡಿಯಿತೆಂದರೆ ಅವು ಚೀಲದೊಡನೆಯೇ ಮರ ಹತ್ತುವುವು. ಗೋಕರ್ಣ, ಮರವಂತೆ ಮೊದಲಾದ ಕಡಲತೀರಗಳಲ್ಲಿ ಮರಳಿನ ಮೇಲೆ ಚೀಲವನ್ನು ಇಡದೆ ಹೆಗಲಲ್ಲಿಯೇ ಇಟ್ಟುಕೊಳ್ಳುವುದು, ಲೆನ್ಸನ್ನು ಅಲ್ಲಿ ಬದಲಾಯಿಸದಿರುವುದು, ಮರಳಿ ಬಂದ ಮೇಲೆ ಉಪ್ಪಿನ ತೇವವನ್ನು ಒದ್ದೆಬಟ್ಟೆಯಿಂದ ಒರೆಸಿ ಒಣಗಿಸುವುದು, ಇವು ಮೂರೂ ಅವಶ್ಯವು.

ಕಡೆಯ ಮಾತು

ಒಳ್ಳೆಯ ಚೀಲವು ಬೆಲೆಯಿಂದಲೂ ಹೆಸರಿನಿಂದಲೂ ಗೊತ್ತಾಗುವುದಿಲ್ಲ. ಅದನ್ನು ಧರಿಸಿದವರು ಎರಡು ಗಂಟೆಗಳ ತಿರುಗಾಟದ ತರುವಾಯ ಅದನ್ನು ಮರೆತಿದ್ದರೆ, ಆದರೆ ಕೈಯು ಮಾತ್ರ ಮರೆಯದೆ ನೇರವಾಗಿ ಕ್ಯಾಮರಾದ ಬಳಿಗೆ ಹೋದರೆ, ಅದು ಒಳ್ಳೆಯ ಚೀಲ. ಕೊಂಡ ಮೇಲೆ ದೂರದ ಪ್ರವಾಸಕ್ಕೆ ಮುಂಚೆ ಒಂದು ಭಾನುವಾರ ಅದನ್ನು ಹೆಗಲಿಗೆ ಹಾಕಿಕೊಂಡು ಪೇಟೆಯನ್ನು ಒಂದು ಸುತ್ತು ಹಾಕಿ ಬರುವುದು ಯುಕ್ತವು. ಹೆಗಲು ಎಲ್ಲಿ ನೋಯುತ್ತದೆ, ಪಟ್ಟಿ ಎಲ್ಲಿ ಜಾರುತ್ತದೆ, ಯಾವ ಜೇಬು ವ್ಯರ್ಥ ಎಂಬುದೆಲ್ಲ ಆ ಒಂದು ಸುತ್ತಿನಲ್ಲಿಯೇ ತಿಳಿದುಬರುವುದು. ಮನೆಯವರಲ್ಲಿ ಇನ್ನೊಬ್ಬರಾದರೂ ಚೀಲವನ್ನು ತೆರೆದು ಕ್ಯಾಮರಾವನ್ನು ಉಪಯೋಗಿಸುವುದನ್ನು ಕಲಿತಿರಲಿ. ಇಲ್ಲವಾದರೆ ಕುಟುಂಬದ ಚಿತ್ರಗಳಲ್ಲೆಲ್ಲ ಒಬ್ಬರು ಎಂದೆಂದಿಗೂ ಕಾಣಿಸುವುದೇ ಇಲ್ಲ.

ಹೊರಡುವಾಗ ಹಗುರವಾಗಿ ಹೊರಡಿರಿ. ಮರಳಿ ಬಂದ ಮೇಲೆ ಚೀಲವು ಬರಿದಾಗಿ ಗಾಳಿಯಲ್ಲಿ ಒಣಗಲಿ, ಕ್ಯಾಮರಾವು ಡಬ್ಬಿಯಲ್ಲಿ ವಿಶ್ರಮಿಸಲಿ, ಚಿತ್ರಗಳು ಅಚ್ಚಾಗಿ ಮನೆಮಂದಿಯ ಕೈಗೆ ಬರಲಿ.